ಪೋತ್ತನೂರಿನಲ್ಲಿ ಒಂದು ಸಂಜೆ, ನಾಲ್ಕು ಪುಟ್ಟ ರೂಪಕ

ಮಂಗಳೂರು ಕಡೆಯಿಂದ ಕೊಯಮತ್ತೂರಿಗೆ ಹೋಗುವ ರೈಲು ಪಾಲಕ್ಕಾಡು ದಾಟಿ, ವಾಳಯಾರಿನ ಕಾಡು ದಾಟಿ ತಮಿಳುನಾಡಿಗೆ ಹೊಕ್ಕ ಮೇಲೆ ಪೋತ್ತನೂರು ಸಿಗುತ್ತದೆ. ನಮ್ಮ ಕಾಸರಗೋಡಿನ ಮಕ್ಕಳಿಗೆ ಈ ಹೆಸರು ಚರಿತ್ರೆಯ ಪಾಠದಿಂದ ಗೊತ್ತು. 1921ರ ನವೆಂಬರಿನಲ್ಲಿ ತಿರೂರಿನಲ್ಲಿ ಮಾಪಿಳ್ಳೆ ಕೈದಿಗಳನ್ನು ಗಾಳಿಯಾಡದ ಗೂಡ್ಸ್ ವಾಗನ್ನಿನಲ್ಲಿ ತುಂಬಿ ಕಳಿಸಿದರಲ್ಲ, ಅದರ ಬಾಗಿಲು ತೆರೆದದ್ದು ಇಲ್ಲೇ. ಸುಮಾರು 70 ಜನ ಸತ್ತರು. ಇದನ್ನು ಎಷ್ಟೋ ವರ್ಷ ಪಾಠ ಮಾಡಿದ ನಾನು ಆ ಸ್ಟೇಶನ್ನಿನಲ್ಲಿ ಇಳಿದದ್ದು ಮಾತ್ರ ತಂಗಿಯನ್ನು ಆ ಊರಿಗೆ ಕೊಟ್ಟ ಮೇಲೆ. ಭಾವನಿಗೆ ರೈಲ್ವೆಯಲ್ಲಿ ಕೆಲಸ.

ಅಂದ ಹಾಗೆ, ಇದು ಸಣ್ಣ ಸ್ಟೇಶನ್ ಅಂದುಕೊಳ್ಳಬೇಡಿ. ಮದರಾಸಿನಿಂದ ಬೇಪೂರಿಗೆ ಹೋಗುವ ರೈಲುದಾರಿ 1862ರಲ್ಲೇ ಇಲ್ಲಿಗೆ ಬಂದಿತ್ತು. ಕೊಯಮತ್ತೂರಿಗೆ ರೈಲು ಹೋದದ್ದು ಆಮೇಲೆ, 1873ರಲ್ಲಿ.

ಇರಲಿ, ಈಗ ವಿಷಯಕ್ಕೆ ಬರುತ್ತೇನೆ. ತಂಗಿ ಫೋನ್ ಮಾಡಿ "ಅಣ್ಣ, ಪುಟ್ಟಿ ಡ್ಯಾನ್ಸ್ ಮಾಡ್ತಾಳೆ, ನೀನು ಬರಲೇಬೇಕು" ಅಂದಿದ್ದಳು. ಒಂದು ಕಲ್ಯಾಣ ಮಂಟಪದಲ್ಲಿ ಸಂಜೆ ಆರಕ್ಕೆ ಕಾರ್ಯಕ್ರಮ. ಅಲ್ಲಿನ ಕನ್ನಡದವರೂ ನೆರೆಕರೆಯ ತಮಿಳರೂ ಸೇರಿ ಮಾಡಿದ್ದು. ನಾಲ್ಕು ನೃತ್ಯರೂಪಕ, ಒಂದೊಂದೂ ಇಪ್ಪತ್ತು ನಿಮಿಷದ್ದು. ಶಾಲೆಗೆ ಎರಡು ದಿನ ರಜೆ ಹಾಕಿ ಹೊರಟೆ. ನೋಡಿ ಬಂದ ಮೇಲೆ ತಲೆಯಲ್ಲಿ ಏನೇನೋ ಕೊರೆಯುತ್ತಾ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಲ್ಲಿನ ಕನ್ನಡದ ಬಗ್ಗೆ ಎರಡು ಮಾತು ಹೇಳಬೇಕು. ಕೊಯಮತ್ತೂರಿನಲ್ಲಿ ಕನ್ನಡವೆಲ್ಲಿ ಅಂತ ನಮ್ಮಲ್ಲಿ ಹಲವರು ಕೇಳುತ್ತಾರೆ. ಅಲ್ಲಿನ ದೇವಾಂಗರು, ಒಕ್ಕಲಿಗರು ಎಷ್ಟೋ ತಲೆಮಾರಿನಿಂದ ಮನೆಯೊಳಗೆ ಕನ್ನಡ ಮಾತನಾಡುತ್ತಾ ಬಂದವರು. ಓದುವುದು, ಬರೆಯುವುದು, ಲೆಕ್ಕ ಇಡುವುದು ಎಲ್ಲ ತಮಿಳಿನಲ್ಲಿ. ನವರಾತ್ರಿಯಲ್ಲಿ ಚೌಡೇಶ್ವರಿ ಅಮ್ಮನ ಮುಂದೆ ಕತ್ತಿ ಹಿಡಿದು ಮೈಗೆ ಹೊಡೆದುಕೊಳ್ಳುತ್ತಾ ಕುಣಿದು ಬರುವ ಸೇವೆ ದೇವಾಂಗರದ್ದೇ. ಈಗ ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ 1956ರ ತನಕ ಕೊಯಮತ್ತೂರು ಜಿಲ್ಲೆಯ ತಾಲೂಕಾಗಿತ್ತು. ಆ ವರ್ಷ ಅದು ಮೈಸೂರಿಗೆ ಬಂತು, ನಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು. ತಾಳವಾಡಿ ತಮಿಳುನಾಡಿನಲ್ಲೇ ಉಳಿಯಿತು. ಅಲ್ಲಿ ನಮ್ಮ ಹಾಗೆಯೇ ಕನ್ನಡ ಮಾಧ್ಯಮದ ಶಾಲೆಗಳಿವೆ. ಆದರೆ ಪೋತ್ತನೂರಿನ ಮಕ್ಕಳಿಗೆ ಅಂಥ ಶಾಲೆ ಇಲ್ಲ. ನಮ್ಮ ಪುಟ್ಟಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ.

ಮೊದಲನೆಯದು ತಮಿಳಿನ ಕುರವಂಜಿ. ಶಕುನ ಹೇಳುವ ಕುರತಿ ಬಂದು ನಾಯಕಿಯ ಕೈ ನೋಡಿ ಮನಸ್ಸಿನ ಗುಟ್ಟು ಹೇಳುವ ಕತೆ. 1944ರಲ್ಲಿ ರುಕ್ಮಿಣಿ ದೇವಿ ಕಲಾಕ್ಷೇತ್ರದಲ್ಲಿ 'ಕುಟ್ರಾಲ ಕುರವಂಜಿ'ಯನ್ನು ರಂಗಕ್ಕೆ ತಂದ ಮೇಲೆ ತಮಿಳುನಾಡಿನ ಭರತನಾಟ್ಯದವರಿಗೆ ಇದು ಪ್ರೀತಿಯ ವಸ್ತು. ನಮಗೂ ಹೊಸಬಳೇನಲ್ಲ, ಯಕ್ಷಗಾನದ ಕೊರವಂಜಿ ಇವಳ ಅಕ್ಕನೋ ತಂಗಿಯೋ ಆಗಬೇಕು. ಆ ಹುಡುಗಿಯರಿಗೆ ಪಕ್ಕದಲ್ಲೇ ಕುಳಿತು ಹಾಡುವವರಿದ್ದರು. ನಟುವಾಂಗದ ತಾಳ ಹಿಡಿದ ಟೀಚರು, ಒಬ್ಬರು ಗಾಯಕಿ, ಒಂದು ಮೃದಂಗ. ಅಷ್ಟೇ. ಕುರತಿಯ ಪಾತ್ರದ ಹುಡುಗಿ ಒಂದು ಕಡೆ ಹೆಜ್ಜೆ ತಪ್ಪಿದಳು. ಹಾಡುವವರು ಅದೇ ಸಾಲನ್ನು ಇನ್ನೊಮ್ಮೆ ಎತ್ತಿಕೊಂಡರು, ಅವಳು ಮತ್ತೆ ಸೇರಿಕೊಂಡಳು. ನೋಡಿದವರಿಗೆ ಅದು ತಪ್ಪು ಅಂತಲೇ ಅನ್ನಿಸಲಿಲ್ಲ.

ಎರಡನೆಯದು ಮೋಹಿನಿ ಭಸ್ಮಾಸುರ. ಇದು ಕನ್ನಡದ್ದು, ಹಾಡು ಬೆಂಗಳೂರಿನಿಂದ ತರಿಸಿದ ರೆಕಾರ್ಡಿಂಗ್. ಹುಡುಗರು ಚೆನ್ನಾಗಿ ಕುಣಿದರು. ಈ ಕತೆಯಲ್ಲಿ ಕುಣಿತವೇ ಕತೆ. ಮೋಹಿನಿ ಮಾಡಿದ ಹಾಗೆ ಅಸುರ ಮಾಡಬೇಕು, ಕೊನೆಗೆ ಅವಳು ತಲೆಯ ಮೇಲೆ ಕೈ ಇಟ್ಟಾಗ ಅವನೂ ಇಡಬೇಕು. ಹಾಡು ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ, ಹಾಡೇ ಇಲ್ಲದಿದ್ದರೂ ನಡೆಯುತ್ತದೆ. ಮುಂದಿನ ಸಾಲಿನಲ್ಲಿ ಕೂತಿದ್ದ ತಮಿಳು ಅಜ್ಜಿಯೊಬ್ಬರು ಕೊನೆಯ ಹೊತ್ತಿಗೆ ತಾವೇ ಕೈ ಎತ್ತಿ ತಲೆಯ ಹತ್ತಿರ ತಂದಿದ್ದರು!

ಮೂರನೆಯದು ಪುಣ್ಯಕೋಟಿ. ನನ್ನ ತಕರಾರು ಶುರುವಾದದ್ದು ಇಲ್ಲಿಂದ. ಇದಕ್ಕೂ ರೆಕಾರ್ಡಿಂಗೇ. ಅದನ್ನು ಯಾರದೋ ಮೊಬೈಲಿನಿಂದ ಧ್ವನಿವರ್ಧಕಕ್ಕೆ ಕೊಟ್ಟಿದ್ದರು. ಹುಲಿ ಅಡ್ಡ ಬಂತು, ಹಸು ನಡುಗಿತು. ಇನ್ನು ಅದು ಮಾತು ಕೊಡಬೇಕು ಎನ್ನುವಷ್ಟರಲ್ಲಿ ಆ ಫೋನಿಗೆ ಕರೆ ಬಂತು. ಮಂಟಪ ತುಂಬ ಒಂದು ಸಿನಿಮಾ ಹಾಡು! ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆದರೆ ವೇದಿಕೆಯ ಮೇಲಿನ ಮಕ್ಕಳನ್ನು ನೋಡಿದಾಗ ನಗು ನಿಂತಿತು. ಹಸುವಿನ ವೇಷದ ಮಗು ಎತ್ತಿದ ಕೈಯನ್ನು ಇಳಿಸಬೇಕೋ ಬೇಡವೋ ಗೊತ್ತಾಗದೆ ಹಾಗೇ ನಿಂತಿತ್ತು. ಹುಲಿ ತಿರುಗಿ ಟೀಚರನ್ನು ಹುಡುಕುತ್ತಿತ್ತು. ಹುಲಿ ಏನು ಕೇಳಿತು, ಹಸು ಏನು ಹೇಳಬೇಕು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಎಷ್ಟು ಎಣಿಸಿದ ಮೇಲೆ ಯಾವ ಹೆಜ್ಜೆ ಅನ್ನುವುದು ಮಾತ್ರ ಗೊತ್ತಿತ್ತು.

ಆಗ ಹಿಂದಿನ ಸಾಲಿನಿಂದ ಹಾಡು ಕೇಳಿಸಿತು. ಮೈಸೂರು ಕಡೆಯಿಂದ ಮದುವೆಯಾಗಿ ಬಂದವರಿರಬೇಕು, ಇಬ್ಬರು ಹೆಂಗಸರು. ಗೋವಿನ ಹಾಡನ್ನು ಬಾಯಿಪಾಠ ಕಲಿತವರು. ಒಬ್ಬರು ಶುರು ಮಾಡಿದರು, ಇನ್ನೊಬ್ಬರು ಸೇರಿದರು, ನಾನೂ ಸಣ್ಣ ದನಿಯಲ್ಲಿ ಸೇರಿದೆ. ನಾಲ್ಕು ಸಾಲು ಆಗುವಷ್ಟರಲ್ಲಿ ಫೋನು ಸರಿಯಾಯಿತು, ರೆಕಾರ್ಡಿಂಗ್ ಮೊದಲಿನಿಂದ ಶುರುವಾಯಿತು, ನಾವು ಬಾಯಿ ಮುಚ್ಚಿಕೊಂಡೆವು. ಮಕ್ಕಳು ಮತ್ತೆ ಮೊದಲಿನಿಂದ ಕುಣಿದರು. ಚೆನ್ನಾಗಿಯೇ ಕುಣಿದರು. ಆದರೆ ಕೊಟ್ಟ ಮಾತಿಗೆ ತಪ್ಪದವಳ ಕತೆಯಲ್ಲಿ ಮಾತೇ ಮಕ್ಕಳದ್ದಾಗಿರಲಿಲ್ಲ. ಭಸ್ಮಾಸುರನಿಗೆ ಮಾತು ಬೇಡ. ಪುಣ್ಯಕೋಟಿಗೆ ಬೇಕು, ಮಾತಿಲ್ಲದಿದ್ದರೆ ಅದು ಬರೀ ಹುಲಿ ಮತ್ತು ಹಸು.

ಕೊನೆಯದು ಕಿಂದರಿಜೋಗಿ. ಬ್ರೌನಿಂಗನ ಇಂಗ್ಲಿಷ್ ಪದ್ಯದ ಕತೆಯನ್ನು ಕುವೆಂಪು ಬೊಮ್ಮನಹಳ್ಳಿಗೆ ತಂದು ನಮ್ಮದೇ ಮಾಡಿದರು. ಬೆಂಗಳೂರಿನ ಪ್ರಭಾತ್ ಕಲಾವಿದರು ಅದನ್ನು ನೃತ್ಯರೂಪಕ ಮಾಡಿ ಊರೂರಿಗೆ ತೋರಿಸಿದರು. ಇಲ್ಲಿ ಆಡಿದ್ದು ಚಿಕ್ಕ ಮಕ್ಕಳು. ಇಲಿಗಳಂತೂ ಬಹಳ ಚಂದ, ಬಾಲಕ್ಕೆ ಹಗ್ಗ ಕಟ್ಟಿಕೊಂಡು ಒಂದರ ಬಾಲ ಇನ್ನೊಂದು ತುಳಿದುಕೊಂಡು ಓಡಿದವು. ಆದರೆ ಜೋಗಿಯ ಕೈಯಲ್ಲಿ ಪ್ಲಾಸ್ಟಿಕ್ ಕೊಳಲು! ಕಿಂದರಿ ಅಂದರೆ ಕಿನ್ನರಿ, ತಂತಿ ಮೀಟುವ ವಾದ್ಯ. ಅದನ್ನು ಹೆಗಲಿಗೆ ಹಾಕಿಕೊಂಡು ಊರಿಂದೂರಿಗೆ ಕತೆ ಹಾಡುತ್ತಾ ಹೋಗುವ ಕಿನ್ನರಿ ಜೋಗಿಗಳು ನಮ್ಮ ನಾಡಿನಲ್ಲಿದ್ದರು. ಬ್ರೌನಿಂಗನವನು ಕೊಳಲಿನವನು, ಕುವೆಂಪು ಅವನ ಕೈಗೆ ಕಿಂದರಿ ಕೊಟ್ಟರು. ಇಪ್ಪತ್ತು ನಿಮಿಷ ಆ ಪದ ಮತ್ತೆ ಮತ್ತೆ ಕಿವಿಗೆ ಬಿದ್ದರೂ ಅದೇನು ಅಂತ ಯಾರೂ ಕೇಳಲಿಲ್ಲವಲ್ಲ ಅಂತ ಬೇಸರವಾಯಿತು. ಆಮೇಲೆ ಪುಟ್ಟಿಯನ್ನು ಕೇಳಿದೆ. "ಕಿಂದರಿ ಅಂದ್ರೆ ಊರಿನ ಹೆಸರಲ್ವಾ ಮಾವ?" ಅಂದಳು.

ಈಗ ನನ್ನ ಮಾತು. ಮಕ್ಕಳನ್ನೋ ಕಲಿಸಿದವರನ್ನೋ ದೂರುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ದುಡಿಯುವ ಜನ, ಭಾನುವಾರದ ನಿದ್ದೆ ಬಿಟ್ಟು ಮಕ್ಕಳನ್ನು ತಯಾರು ಮಾಡಿದ್ದಾರೆ. ಹಾಡುವವರನ್ನು ಕರೆಸಿದರೆ ಖರ್ಚು, ರೆಕಾರ್ಡಿಂಗ್ ಆದರೆ ಇಲ್ಲ. ಮಕ್ಕಳು ಕುಣಿಯುತ್ತಾ ಹಾಡಲಾರರು ಅನ್ನುವುದೂ ನಿಜ. ನಾನೂ ಅದನ್ನೇ ಮಾಡಿದವನು. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ವರ್ಷಗಟ್ಟಲೆ ಕ್ಯಾಸೆಟ್, ಆಮೇಲೆ ಸಿಡಿ, ಈಗ ಪೆನ್‌ಡ್ರೈವ್ ಹಾಕಿ ಕುಣಿಸಿದ್ದೇನೆ. ನಮ್ಮ ಮಕ್ಕಳ ಮನೆಮಾತು ತುಳು, ಮಲಯಾಳ, ಕೊಂಕಣಿ, ಮರಾಠಿ, ಏನೇನೋ. ಅವರಿಗೆ ಹಾಡಿನ ಅರ್ಥ ಹೇಳಿದ್ದೆನಾ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಹೆಚ್ಚಿನ ಸಲ ಇಲ್ಲ. ಹೆಜ್ಜೆ ಸರಿಯಾದರೆ ಸಾಕು ಅಂತ ಬಿಟ್ಟಿದ್ದೆ. ಪೋತ್ತನೂರಿನ ಆ ಹಸುವಿನ ಮಗುವಿನ ಎತ್ತಿದ ಕೈ ನೋಡಿದಾಗ ನನ್ನ ಶಾಲೆಯ ಮಕ್ಕಳೇ ಕಣ್ಣಿಗೆ ಬಂದರು.

ಕೆಲವರು ಹೇಳಬಹುದು, ನೃತ್ಯಕ್ಕೆ ಭಾಷೆ ಯಾಕೆ, ಶಿವರಾಮ ಕಾರಂತರೇ ಯಕ್ಷಗಾನದಿಂದ ಮಾತು ತೆಗೆದು ಬ್ಯಾಲೆ ಮಾಡಲಿಲ್ಲವೇ ಅಂತ. ಮಾಡಿದರು. ರಾತ್ರಿಯಿಡೀ ನಡೆಯುವ ಆಟವನ್ನು ಎರಡು ಮೂರು ಗಂಟೆಗೆ ಇಳಿಸಿದರು, ಅರ್ಥಗಾರಿಕೆ ಬಿಟ್ಟರು, ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿದರು. ಬೈಸಿಕೊಂಡರು ಕೂಡ. ಕನ್ನಡ ಬಾರದವರಿಗೂ ಮುಟ್ಟಬೇಕು ಅನ್ನುವುದು ಅವರ ಆಸೆಯಾಗಿತ್ತು. ಆದರೆ ಒಂದನ್ನು ಗಮನಿಸಿ, ಭಾಗವತರನ್ನು ಅವರು ಇಳಿಸಲಿಲ್ಲ. ಹಾಡು ರಂಗದ ಮೇಲೇ ಇತ್ತು, ಉಸಿರಾಡುವ ಮನುಷ್ಯರ ಬಾಯಿಂದ ಬರುತ್ತಿತ್ತು. ನಮ್ಮಲ್ಲಿ ಮಕ್ಕಳ ಯಕ್ಷಗಾನ ನೋಡಿದವರಿಗೆ ಇದು ಗೊತ್ತು. ಹುಡುಗ ಪದ ಮರೆತರೆ ಭಾಗವತರು ಎತ್ತಿ ಕೊಡುತ್ತಾರೆ, ಆಟ ನಿಲ್ಲುವುದಿಲ್ಲ.

ಇನ್ನೊಂದು ಸಂಗತಿ. ಅಂದು ನಿರೂಪಣೆ ಪೂರ್ತಿ ಇಂಗ್ಲಿಷಿನಲ್ಲಿ. ಯಾರಿಗೋಸ್ಕರ? ಕೂತಿದ್ದವರಿಗೆ ಒಂದೋ ತಮಿಳು ಬರುತ್ತದೆ, ಇಲ್ಲವೋ ಕನ್ನಡ ಬರುತ್ತದೆ, ಹೆಚ್ಚಿನವರಿಗೆ ಎರಡೂ ಬರುತ್ತದೆ. ಪುಣ್ಯಕೋಟಿಯ ಕತೆಯನ್ನು ತಮಿಳಿನಲ್ಲಿ ಐದು ವಾಕ್ಯ ಹೇಳಿದ್ದರೆ ಆ ಅಜ್ಜಿ ಅದಕ್ಕೂ ಕೈ ಎತ್ತುತ್ತಿದ್ದರೋ ಏನೋ. ತಮಿಳು ಹೇಳಿದರೆ ಕನ್ನಡ ಸಣ್ಣದಾಗುತ್ತದೆ ಅನ್ನುವ ಅಳುಕು ಇದ್ದರೆ ಪು.ತಿ.ನ. ಅವರನ್ನು ನೆನೆಸಿಕೊಳ್ಳಿ. ಮೇಲುಕೋಟೆಯ ಅಯ್ಯಂಗಾರರು, ಮನೆಮಾತು ತಮಿಳು. ಕನ್ನಡದಲ್ಲಿ ಹಾಡಿ ಆಡುವುದಕ್ಕೆ 'ಗೋಕುಲ ನಿರ್ಗಮನ'ದಂಥ ಗೀತರೂಪಕ ಬರೆದವರು ಅವರೇ. ಅವರ 'ಹಂಸದಮಯಂತಿ ಮತ್ತು ಇತರ ರೂಪಕಗಳು' ಪುಸ್ತಕಕ್ಕೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೆಯ ತಮಿಳು ಅವರ ಕನ್ನಡಕ್ಕೆ ಅಡ್ಡ ಬರಲಿಲ್ಲ.

ಪುಟ್ಟ ರೂಪಕವೇ ನಮ್ಮಂಥ ಕಡೆ ಸರಿಯಾದ ದಾರಿ ಅಂತ ನನಗೆ ಅನ್ನಿಸುತ್ತದೆ. ಮೂರು ಗಂಟೆಯ ನಾಟಕ ಈ ಮಕ್ಕಳಿಂದ ಆಗದು, ನೋಡುವವರಿಂದಲೂ ಆಗದು. ಇಪ್ಪತ್ತು ನಿಮಿಷ ಸಾಕು. ಆದರೆ ನಾಲ್ಕು ರೂಪಕದ ಬದಲು ಎರಡೇ ಮಾಡಿ. ಹತ್ತು ಮಕ್ಕಳಲ್ಲಿ ಆರು ಜನ ಕುಣಿಯಲಿ, ನಾಲ್ಕು ಜನ ಬದಿಯಲ್ಲಿ ಕೂತು ಹಾಡಲಿ. ಒಂದು ಹಾರ್ಮೋನಿಯಂ, ಒಂದು ತಬಲ ಇದ್ದರೆ ಆಯಿತು, ಇಲ್ಲದಿದ್ದರೆ ಚಪ್ಪಾಳೆಯ ತಾಳವೂ ನಡೆಯುತ್ತದೆ. ಸ್ವರ ಸ್ವಲ್ಪ ಆಚೀಚೆ ಆಗುತ್ತದೆ, ಆಗಲಿ. ಅಕ್ಷರ ಬಾರದ ಮಗುವಿಗೂ ಹಾಡು ಬಾಯಿಗೆ ಬರುತ್ತದೆ. ಹಿಂದಿನ ಸಾಲಿನ ಆ ಇಬ್ಬರು ಹೆಂಗಸರಿಗೆ ಅಷ್ಟು ವರ್ಷದ ಮೇಲೂ ಉಳಿದದ್ದು ಬಾಯಿಗೆ ಬಂದ ಆ ಹಾಡೇ ಅಲ್ಲವೇ?

ಒಂದು ವಿಷಯ ಹೇಳದೆ ಬಿಟ್ಟಿದ್ದೆ. ಕಿಂದರಿಜೋಗಿಯಲ್ಲಿ ಪುಟ್ಟಿಯದು ಕುಂಟು ಹುಡುಗನ ಪಾತ್ರ. ಮಕ್ಕಳೆಲ್ಲ ಜೋಗಿಯ ಹಿಂದೆ ಹೋಗುತ್ತಾರೆ, ಇವನಿಗೆ ಓಡಲು ಆಗುವುದಿಲ್ಲ, ಹಿಂದೆ ಉಳಿಯುತ್ತಾನೆ. ಮರುದಿನ ನನ್ನನ್ನು ಸ್ಟೇಶನ್ನಿಗೆ ಬಿಡಲು ಬಂದಾಗ ಅವಳು ಕೇಳಿದಳು, "ಮಾವ, ಅವ ಒಬ್ಬನೇ ಉಳಿದದ್ದಲ್ವಾ, ಇನ್ನು ಅವ ಯಾರೊಟ್ಟಿಗೆ ಆಡುವುದು?"

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನನ್ನ ಐದನೇ ತರಗತಿಯಲ್ಲಿ ಈ ವರ್ಷ ಒಂಬತ್ತು ಮಕ್ಕಳಿದ್ದಾರೆ. ಹಿಂದೆ ಒಂದು ಬೆಂಚಿನಲ್ಲಿ ಐದು ಜನ ಕೂರುತ್ತಿದ್ದ ಕೋಣೆ ಅದು. ಉಳಿದವರು ಯಾವ ಜೋಗಿಯ ಹಿಂದೆ ಹೋದರು ಅಂತ ನಿಮಗೆ ಗೊತ್ತಿದೆ, ಅವರ ಮೇಲೆ ನನಗೆ ಸಿಟ್ಟೇನೂ ಇಲ್ಲ. "ಊರಿಗೆ ಬಂದವರಿಗೆಲ್ಲ ಅವನೇ ಈ ಕತೆ ಹೇಳುತ್ತಾನೆ ಪುಟ್ಟಿ, ಕೇಳುವುದಕ್ಕೆ ಜನ ಸೇರುತ್ತಾರೆ" ಅಂದೆ. ಅವಳಿಗೆ ಸಮಾಧಾನ ಆಯಿತೋ ಇಲ್ಲವೋ. ರೈಲು ಬಂತು.

ಈ ಸಲದ ವಾರ್ಷಿಕೋತ್ಸವಕ್ಕೆ ಒಂಬತ್ತು ಮಕ್ಕಳಲ್ಲಿ ನಾಲ್ವರು ಹಾಡುವವರು, ಐವರು ಕುಣಿಯುವವರು ಅಂತ ನಿಶ್ಚಯಿಸಿದ್ದೇನೆ. ಪೆನ್‌ಡ್ರೈವ್ ಇಲ್ಲ. ಕಿಂದರಿ ಮಾಡಿಕೊಡಲು ಒಂದು ಒಣಗಿದ ಸೋರೆಬುರುಡೆ ಹುಡುಕುತ್ತಿದ್ದೇನೆ. ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಹೇಳಿ.