ಕಪ್ಪೆಗಳನ್ನು ದಾಟಿಸಿದರೆ ‘ಜೀನಿಯಸ್’: ಈ ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಸಾಲಾಗಿ ಏಳು ಕಲ್ಲುಗಳು. ಎಡಗಡೆಯ ಮೂರು ಕಲ್ಲುಗಳ ಮೇಲೆ ಹಸಿರು ಕಪ್ಪೆಗಳು, ಬಲಗಡೆಯ ಮೂರರ ಮೇಲೆ ಕಂದು ಕಪ್ಪೆಗಳು, ನಡುವಿನ ಕಲ್ಲು ಖಾಲಿ. ಎರಡೂ ಗುಂಪುಗಳು ಪರಸ್ಪರ ಜಾಗ ಬದಲಿಸಿಕೊಳ್ಳಬೇಕು. ಕಪ್ಪೆ ಮುಂದಿನ ಖಾಲಿ ಕಲ್ಲಿಗೆ ಸರಿಯಬಹುದು, ಇಲ್ಲವೇ ಎದುರು ಬಣ್ಣದ ಒಂದೇ ಒಂದು ಕಪ್ಪೆಯ ಮೇಲಿಂದ ನೆಗೆಯಬಹುದು. ಹಿಂದಕ್ಕೆ ಹೋಗುವಂತಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಇಂತಹ ಆಟಗಳ ಜೊತೆಗೆ ಒಂದು ಸಾಲು ಅಂಟಿಕೊಂಡೇ ಬರುತ್ತದೆ: ‘15 ಹೆಜ್ಜೆಯಲ್ಲಿ ಬಿಡಿಸಿದರೆ ನೀವು ಜೀನಿಯಸ್, ಆಗದಿದ್ದರೆ ನಿಮ್ಮ ಐಕ್ಯೂ ಕಡಿಮೆ.’ ಇದು ನಿಜವೇ?

15 ಹೆಜ್ಜೆ ಯಾರ ಸಾಧನೆಯೂ ಅಲ್ಲ

ಲೆಕ್ಕ ಹಾಕಿ ನೋಡೋಣ. ಪ್ರತಿ ಹಸಿರು ಕಪ್ಪೆಯೂ ಪ್ರತಿ ಕಂದು ಕಪ್ಪೆಯನ್ನು ಒಮ್ಮೆ ದಾಟಲೇಬೇಕು. 3×3 ಅಂದರೆ 9 ದಾಟುವಿಕೆ. ಪಕ್ಕದಿಂದ ಹೋಗಲು ದಾರಿಯಿಲ್ಲ, ಹಾಗಾಗಿ 9 ನೆಗೆತ. ಪ್ರತಿ ಕಪ್ಪೆಯೂ ನಾಲ್ಕು ಕಲ್ಲು ಮುಂದೆ ಹೋಗಬೇಕು. ಆರು ಕಪ್ಪೆಗಳಿಗೆ ಒಟ್ಟು 24. ಒಂದು ನೆಗೆತಕ್ಕೆ ಎರಡು ಕಲ್ಲಿನಂತೆ 18 ಮುಗಿಯಿತು. ಉಳಿದ 6 ಸರಿಯುವ ಹೆಜ್ಜೆಗಳು. 9 + 6 = 15.

ಅಂದರೆ ಯಾರು ಸರಿಯಾಗಿ ದಾಟಿಸಿದರೂ ಕರಾರುವಾಕ್ಕಾಗಿ 15 ಹೆಜ್ಜೆಗಳೇ ಆಗುತ್ತವೆ. 14ರಲ್ಲಿ ಯಾರಿಗೂ ಆಗದು, 16 ಯಾರಿಗೂ ಬೇಕಾಗದು. ಎಲ್ಲರಿಗೂ ಒಂದೇ ಅಂಕ ಬರುವ ಪರೀಕ್ಷೆಯಲ್ಲಿ ಜಾಣರನ್ನು ಆರಿಸುವುದಾದರೂ ಹೇಗೆ?

ಬಿಡಿಸುವುದು ಹೇಗೆ?

ಮೂರು ಒಂದು ರೂಪಾಯಿ, ಮೂರು ಎರಡು ರೂಪಾಯಿ ನಾಣ್ಯಗಳನ್ನು ಇಟ್ಟುಕೊಂಡು ಆಡಿ. ಸಿಕ್ಕಿಹಾಕಿಕೊಳ್ಳಲು ಕಾರಣ ಸಾಮಾನ್ಯವಾಗಿ ಒಂದೇ: ಎದುರಿನವರು ಇನ್ನೂ ದಾಟಬೇಕಿರುವಾಗ ಒಂದೇ ಬಣ್ಣದ ಎರಡು ಕಪ್ಪೆಗಳು ನಡುವೆ ಅಕ್ಕಪಕ್ಕ ಬಂದು ದಾರಿ ಕಟ್ಟುವುದು. ಇಬ್ಬರ ಮೇಲಿಂದ ಒಟ್ಟಿಗೆ ನೆಗೆಯಲು ನಿಯಮ ಬಿಡುವುದಿಲ್ಲ.

ತಪ್ಪಿಸಿಕೊಳ್ಳಲು ಒಂದು ಸಾಲು ನೆನಪಿಟ್ಟರೆ ಸಾಕು: 1, 2, 3, 3, 3, 2, 1. ಮೊದಲು ಹಸಿರು ಒಂದು ಹೆಜ್ಜೆ, ನಂತರ ಕಂದು ಎರಡು, ಹಸಿರು ಮೂರು, ಕಂದು ಮೂರು, ಹಸಿರು ಮೂರು, ಕಂದು ಎರಡು, ಕೊನೆಗೆ ಹಸಿರು ಒಂದು. ಪ್ರತಿ ಸಲವೂ ಆ ಬಣ್ಣದ ಒಂದೇ ಕಪ್ಪೆಗೆ ಚಲಿಸಲು ಅವಕಾಶವಿರುತ್ತದೆ. ಯಾವುದನ್ನು ಎತ್ತಬೇಕೆಂದು ಯೋಚಿಸುವ ಕೆಲಸವೇ ಇಲ್ಲ. ಬಣ್ಣ ಅದಲುಬದಲು ಮಾಡಿ ಕಂದಿನಿಂದ ಶುರು ಮಾಡಿದರೂ ಆಗುತ್ತದೆ. ಇವೆರಡನ್ನು ಬಿಟ್ಟರೆ ಬೇರೆ ದಾರಿಯಿಲ್ಲ.

ಈಗ ನೀವು ಅರ್ಧ ನಿಮಿಷದಲ್ಲಿ ಮುಗಿಸಬಹುದು. ಐದು ನಿಮಿಷದ ಹಿಂದಿಗಿಂತ ನಿಮ್ಮ ಬುದ್ಧಿ ಬೆಳೆಯಲಿಲ್ಲ, ಗುಟ್ಟು ತಿಳಿಯಿತು ಅಷ್ಟೇ. ಈ ಆಟ ಹೊಸದೂ ಅಲ್ಲ. ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ 1883ರಲ್ಲೇ ತಮ್ಮ ಮನರಂಜನೆಯ ಗಣಿತದ ಪುಸ್ತಕದಲ್ಲಿ ಇದನ್ನು ಚರ್ಚಿಸಿದ್ದರು. ಮೊದಲೇ ಎಲ್ಲೋ ನೋಡಿದವರು ಬೇಗ ಬಿಡಿಸುತ್ತಾರೆ. ನಿಜವಾದ ಐಕ್ಯೂ ಪರೀಕ್ಷೆಯನ್ನು ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ನಡೆಸುತ್ತಾರೆ. ಅದರಲ್ಲಿ ಹಲವು ಬಗೆಯ ಪ್ರಶ್ನೆಗಳಿದ್ದು, ಫಲಿತಾಂಶವನ್ನು ಅದೇ ವಯಸ್ಸಿನವರೊಂದಿಗೆ ಹೋಲಿಸಲಾಗುತ್ತದೆ.

ಉತ್ತರವೇ ಇಲ್ಲದ ಒಗಟೂ ಇರಬಹುದು

ಇದೇ ಜಾತಿಯ ಇನ್ನೊಂದು ಆಟ, 15 ಬಿಲ್ಲೆಗಳನ್ನು ಸರಿಸಿ ಕ್ರಮವಾಗಿ ಜೋಡಿಸುವ ಚೌಕ. 1880ರಲ್ಲಿ ಅಮೆರಿಕದಲ್ಲಿ ಇದರ ಹುಚ್ಚು ಹಬ್ಬಿತ್ತು. 14 ಮತ್ತು 15 ಮಾತ್ರ ಅದಲುಬದಲಾಗಿದ್ದರೆ ಅದನ್ನು ಸರಿಪಡಿಸಲು ಸಾಧ್ಯವೇ ಇಲ್ಲವೆಂದು ಗಣಿತಜ್ಞರಾದ ಜಾನ್ಸನ್ ಮತ್ತು ಸ್ಟೋರಿ 1879ರಲ್ಲೇ ತೋರಿಸಿದ್ದರು. ಆದರೂ ಒಗಟುಗಾರ ಸ್ಯಾಮ್ ಲಾಯ್ಡ್ ಮುಂದೆ ಅದಕ್ಕೆ 1000 ಡಾಲರ್ ಬಹುಮಾನ ಘೋಷಿಸಿದರು. ಆ ಹಣ ಕೊಡಬೇಕಾದ ಭಯ ಅವರಿಗೆ ಇರಲೇ ಇಲ್ಲ!

ಹಾಗಾದರೆ ಏನು ಮಾಡಬೇಕು?

ಆಟ ಚೆನ್ನಾಗಿದೆ, ಆಡಿ, ಮಕ್ಕಳಿಗೂ ಕೊಡಿ. ಮುಂದೆ ಯೋಚಿಸಿ ಹೆಜ್ಜೆ ಇಡುವುದನ್ನು ಅದು ಕಲಿಸುತ್ತದೆ. ಆದರೆ ಬಿಡಿಸಲಾಗದ ಮಗುವನ್ನು ‘ದಡ್ಡ’ ಎನ್ನಬೇಡಿ. ಆ ತೀರ್ಪು ಕೊಡುವ ಶಕ್ತಿ ಈ ಆಟಕ್ಕಿಲ್ಲ. ಫಾರ್ವರ್ಡ್ ಮಾಡುವುದಿದ್ದರೆ ಐಕ್ಯೂ ಸಾಲನ್ನು ಅಳಿಸಿ, ಒಗಟನ್ನಷ್ಟೇ ಕಳಿಸಿ.