ಕೊಂಡಿ ಪದಗಳ ಕಂಠಪಾಠದಿಂದ ಪ್ರಬಂಧ ಬಾರದು

ವಡಪಳನಿ, ಕೋಡಂಬಾಕ್ಕಂ, ಸಾಲಿಗ್ರಾಮಂ ಪರಿಸರದ ಕನ್ನಡ ಮನೆಗಳ ಮಕ್ಕಳು ದಿನವೂ ಮೂರು ಭಾಷೆಗಳಲ್ಲಿ ಬದುಕುತ್ತಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷ್. 2006ರ ತಮಿಳು ಕಲಿಕೆ ಕಾಯ್ದೆಯ ಬಳಿಕ ಶಾಲೆಗಳಲ್ಲಿ ತಮಿಳು ಹಂತ ಹಂತವಾಗಿ ಕಡ್ಡಾಯವಾಯಿತು. ಹಲವು ಮನೆಗಳಲ್ಲಿ ಕನ್ನಡ ಮಾತಿಗಷ್ಟೇ ಉಳಿದಿದೆ. ಈ ಮಕ್ಕಳು ಕಾಲೇಜಿನ ಪ್ರಾಜೆಕ್ಟ್ ವರದಿ ಬರೆಯುವಾಗ ಅಥವಾ ವಿದೇಶ ವ್ಯಾಸಂಗಕ್ಕಾಗಿ ಐಇಎಲ್‌ಟಿಎಸ್ ಪರೀಕ್ಷೆಗೆ ಕೂರುವಾಗ ಒಂದು ತೊಡಕು ಎದುರಾಗುತ್ತದೆ. ವ್ಯಾಕರಣ ಸರಿ, ಸ್ಪೆಲಿಂಗ್ ಸರಿ, ಆದರೂ ಅಂಕ ಕಡಿಮೆ. ಹಲವು ಬಾರಿ ಇದಕ್ಕೆ ಕಾರಣ ವಾಕ್ಯಗಳನ್ನು ಜೋಡಿಸುವ ಕೊಂಡಿ ಪದಗಳು.

ಮೋರೋವರ್, ಹೌಎವರ್, ದೇರ್‌ಫೋರ್, ಆನ್ ದಿ ಅದರ್ ಹ್ಯಾಂಡ್ ಮುಂತಾದ ಪದಗಳ ಪಟ್ಟಿಯನ್ನು ಗೈಡುಗಳಲ್ಲಿ ಅಚ್ಚು ಹಾಕಿ ಮಕ್ಕಳ ಕೈಗೆ ಕೊಡಲಾಗುತ್ತದೆ. ಮಕ್ಕಳು ಉರು ಹೊಡೆದು, ಪ್ರತಿ ವಾಕ್ಯದ ತಲೆಗೂ ಒಂದೊಂದನ್ನು ಕಟ್ಟುತ್ತಾರೆ. ಪೋಷಕರಿಗೂ ಅದು ದೊಡ್ಡ ಇಂಗ್ಲಿಷ್ ಎನಿಸುತ್ತದೆ. ಪರೀಕ್ಷಕರ ಲೆಕ್ಕ ಬೇರೆ. ಐಇಎಲ್‌ಟಿಎಸ್ ಬರವಣಿಗೆಯ ನಾಲ್ಕು ಸಮಾನ ಮಾನದಂಡಗಳಲ್ಲಿ ಒಂದು, ವಿಚಾರಗಳ ಸುಸಂಬದ್ಧ ಜೋಡಣೆ. ಕೊಂಡಿ ಪದಗಳ ಅತಿಬಳಕೆ ಅಲ್ಲಿ ಕೆಳ ಅಂಕದ ಲಕ್ಷಣ. ಜೋಡಣೆ ಕಣ್ಣಿಗೆ ಬೀಳದಷ್ಟು ಸಹಜವಾಗಿದ್ದರೆ ಮಾತ್ರ ಮೇಲಿನ ಅಂಕ.

ಒಂದು ಉದಾಹರಣೆ ನೋಡಬಹುದು. "2015ರಲ್ಲಿ ಚೆನ್ನೈಯಲ್ಲಿ ಭಾರೀ ಪ್ರವಾಹ ಬಂತು. ಮೋರೋವರ್, 2019ರಲ್ಲಿ ನೀರಿನ ಬರ ಬಂತು" ಎಂದು ವಿದ್ಯಾರ್ಥಿ ಬರೆದನೆನ್ನೋಣ. ಮೋರೋವರ್ ಎಂದರೆ ನಮ್ಮ 'ಅಲ್ಲದೆ'. ಅದು ಒಂದೇ ಪಕ್ಷಕ್ಕೆ ಇನ್ನೊಂದು ಕಾರಣ ಸೇರಿಸುವ ಪದ. ಇಲ್ಲಿ ಇರುವುದು ಎರಡು ವಿರುದ್ಧ ಸಂಗತಿಗಳು. ಮುಳುಗಿದ ನಗರವೇ ನಾಲ್ಕು ವರ್ಷಗಳಲ್ಲಿ ಒಣಗಿದ್ದೇಕೆ ಎಂಬುದೇ ಪ್ರಬಂಧದ ಪ್ರಶ್ನೆಯಾಗಬೇಕು. ಕೆರೆಗಳೂ ಪಳ್ಳಿಕರಣೈ ಜೌಗು ಪ್ರದೇಶವೂ ಕುಗ್ಗಿ, ಬಿದ್ದ ಮಳೆ ನಿಲ್ಲಲು ಜಾಗವಿಲ್ಲದಾಯಿತು ಎಂಬ ಒಂದು ವಾಕ್ಯ ಎರಡನ್ನೂ ಬೆಸೆಯುತ್ತದೆ. ಬೆಸೆದದ್ದು ವಿಚಾರವೇ ಹೊರತು ಮೋರೋವರ್ ಅಲ್ಲ.

ಈ ತಪ್ಪಿಗೆಲ್ಲ ಮನೆಯ ಕನ್ನಡವೇ ಕಾರಣ ಎಂದು ನಂಬಿ ಮಕ್ಕಳೊಡನೆ ಇಂಗ್ಲಿಷಿನಲ್ಲೇ ಮಾತನಾಡುವ ಪೋಷಕರಿದ್ದಾರೆ. ಈ ನಂಬಿಕೆ ಪೂರ್ತಿ ನಿಜವಲ್ಲ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಸಿಲ್ವಿಯಾನ್ ಗ್ರೇಂಜರ್ ಮತ್ತು ಸ್ಟೆಫನಿ ಟೈಸನ್ ಅವರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫ್ರೆಂಚ್ ಮಾತೃಭಾಷೆಯ ವಿದ್ಯಾರ್ಥಿಗಳೂ ಮೋರೋವರ್‌ನಂಥ ಪದಗಳನ್ನು ಅತಿಯಾಗಿ, ಹೌಎವರ್‌ನಂಥವನ್ನು ಕಡಿಮೆಯಾಗಿ ಬಳಸಿದ್ದು ಕಂಡುಬಂತು. ಮಾತೃಭಾಷೆಯ ಪ್ರಭಾವದ ಜೊತೆಗೆ, ಸಂದರ್ಭ ಬಿಟ್ಟು ಪಟ್ಟಿಯಾಗಿ ಕಲಿಸುವ ಕ್ರಮವನ್ನೂ ಆ ಲೇಖಕಿಯರು ಪ್ರಶ್ನಿಸಿದರು.

ವಾಸ್ತವದಲ್ಲಿ ಕನ್ನಡ ಇಲ್ಲಿ ನೆರವಿಗೆ ಬರುತ್ತದೆ. ಆಲ್ದೋ ಎಂದು ಆರಂಭಿಸಿ ನಡುವೆ ಬಟ್ ಸೇರಿಸುವುದು ಮಕ್ಕಳ ಸಾಮಾನ್ಯ ತಪ್ಪು. "ಮಳೆ ಬಂದರೂ ಬಸ್ಸು ಬಂತು" ಎನ್ನುವಲ್ಲಿ 'ಊ' ಒಂದೇ ಆ ಕೆಲಸ ಮುಗಿಸುತ್ತದೆ. "ಮಳೆ ಬಂದರೂ, ಆದರೆ ಬಸ್ಸು ಬಂತು" ಎಂದು ಯಾವ ಕನ್ನಡದ ಮಗುವೂ ಹೇಳದು. ತಮಿಳಿನ "ಮಳೈ ಪೆಯ್ದುಂ" ಎಂಬಲ್ಲಿನ 'ಉಂ' ಸಹ ಹಾಗೆಯೇ. ಒಂದು ಕೊಂಡಿ ಸಾಕೆಂಬ ಅರಿವು ಮಗುವಿನಲ್ಲಿ ಆಗಲೇ ಇದೆ. ಅದನ್ನು ತೋರಿಸಿಕೊಡುವವರು ಬೇಕು.

ಈ ಕೆಲಸಕ್ಕೆ ಕನ್ನಡ ಸಂಘಗಳಿಗಿಂತ ಯೋಗ್ಯ ಜಾಗ ಬೇರೆಯಿಲ್ಲ. ನಿವೃತ್ತ ಶಿಕ್ಷಕರು, ಬ್ಯಾಂಕ್ ಅಧಿಕಾರಿಗಳು ಸಂಘಗಳಲ್ಲಿ ಸಾಕಷ್ಟಿದ್ದಾರೆ. ಭಾನುವಾರ ಎರಡು ಗಂಟೆ ಸಾಕು. ಮಗು ಮೊದಲು ತನ್ನ ವಾದವನ್ನು ಕನ್ನಡದಲ್ಲಿ ನಾಲ್ಕು ಮಾತಿನಲ್ಲಿ ಹೇಳಲಿ. ಬಳಿಕ ಅದನ್ನೇ ಯಾವ ಕೊಂಡಿ ಪದವೂ ಇಲ್ಲದೆ ಇಂಗ್ಲಿಷಿನಲ್ಲಿ ಬರೆಯಲಿ. ಗಟ್ಟಿಯಾಗಿ ಓದಿದಾಗ ಕೇಳುಗರು ಎಲ್ಲಿ "ಯಾಕೆ?" ಎಂದು ತಡೆಯುತ್ತಾರೋ ಅಲ್ಲಿ ಮಾತ್ರ ತಕ್ಕ ಪದ ಸೇರಿಸಲಿ.

ಸಂಘದಲ್ಲಿ ಇಂಗ್ಲಿಷ್ ಪಾಠವೇಕೆ ಎಂದು ಕೆಲವರು ಕೇಳಬಹುದು. ರಾಜ್ಯೋತ್ಸವದಂದು ಮಕ್ಕಳನ್ನು ಕುಣಿಸಿ, ಹಾಡಿಸಿ ಕಳುಹಿಸಿದರೆ ಕನ್ನಡ ಅವರಿಗೆ ವೇದಿಕೆಯ ಭಾಷೆಯಾಗಿ ಉಳಿಯುತ್ತದೆ. ಕಾರಣ ಕೊಡಲು, ಒಪ್ಪದಿರಲು, ತೀರ್ಮಾನಕ್ಕೆ ಬರಲು ಕನ್ನಡ ಬಳಸಿದ ಮಗು ಅದನ್ನು ಸುಲಭವಾಗಿ ಕೈಬಿಡದು. ಇಂಗ್ಲಿಷ್ ಪ್ರಬಂಧದ ನೆಪದಲ್ಲಾದರೂ ಮನೆಗಳಲ್ಲಿ ಕನ್ನಡದ ಚರ್ಚೆ ಮರಳಿದರೆ ಸಂಘಗಳಿಗೆ ಅದು ನಷ್ಟವೇನಲ್ಲ. ಬರುವ ಶೈಕ್ಷಣಿಕ ವರ್ಷಕ್ಕೆ ಮುನ್ನ ಕಾರ್ಯಕಾರಿ ಸಮಿತಿಗಳು ಈ ವಿಷಯವನ್ನು ಸಭೆಯ ಮುಂದಿಡುವುದು ಒಳಿತು.