ಗಲ್ಲಾದ ಮುಂದೆ ಮೊಬೈಲ್ ಆಟ

ನೇಸರಗಿ ಪೇಟೆಯಲ್ಲಾಗಲಿ ಬೈಲಹೊಂಗಲದಲ್ಲಾಗಲಿ, ಸಂಜೆ ಆರರ ಮೇಲೆ ಯಾವುದಾದರೊಂದು ಕಿರಾಣಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಯಜಮಾನರು ಮಾಲು ತರಲಿಕ್ಕೋ ಉದ್ರಿ ವಸೂಲಿಗೋ ಹೋಗಿರುತ್ತಾರೆ. ಗಲ್ಲಾದ ಮೇಲೆ ಮಗ ಕುಳಿತಿರುತ್ತಾನೆ. "ಅರ್ಧಾ ಕಿಲೋ ತೊಗರಿ ಬ್ಯಾಳಿ ಕೊಡಪಾ ತಮ್ಮಾ" ಎಂದರೆ ತಲೆ ಎತ್ತದೆ "ಒಂದ್ ನಿಮಿಷ ತಡೀರಿ ಕಾಕಾ" ಎನ್ನುತ್ತಾನೆ. ಆ ಒಂದು ನಿಮಿಷ ಐದಾಗುತ್ತದೆ. ಕಾಕಾ ಎದುರಿನ ಅಂಗಡಿಗೆ ನಡೆದುಬಿಡುತ್ತಾರೆ. ಬ್ಯಾಳಿ ವ್ಯಾಪಾರ ಹೋಯಿತು ಎನ್ನುವುದು ಮಗನಿಗೆ ಗೊತ್ತೇ ಆಗುವುದಿಲ್ಲ.

ಬೆಳಗಾವಿ ಬಸ್ಸಿನೊಳಗೂ ಇದೇ ಕಥೆ. ಇಳಿಯುವ ಸ್ಟಾಪು ದಾಟಿದ ಮೇಲೆ "ಏ ಕಂಡಕ್ಟರ್ ಸಾಹೇಬ್ರ, ನಿಲ್ಲಸ್ರಿ" ಎಂದು ಕೂಗುವ ಕಾಲೇಜು ಹುಡುಗರನ್ನು ದಿನಾ ಓಡಾಡುವವರೆಲ್ಲ ಕಂಡಿದ್ದೀರಿ. ನಕ್ಕು ಸುಮ್ಮನಾಗುವ ಸಂಗತಿ ಇದರಲ್ಲಿ ಎಷ್ಟು, ಚಿಂತೆ ಮಾಡುವ ಸಂಗತಿ ಎಷ್ಟು ಎಂಬುದೇ ಇವತ್ತಿನ ಮಾತು.

ಮೊದಲು ಒಂದು ವಿಷಯ ಒಪ್ಪಿಕೊಳ್ಳೋಣ. ಆಟದ ಹುಚ್ಚು ಈಗಿನ ಹುಡುಗರು ಕಂಡುಹಿಡಿದದ್ದಲ್ಲ. ಗದರಿಸುವ ಹಿರಿಯರಲ್ಲಿ ಎಷ್ಟೋ ಜನ ಒಂದು ಕಾಲಕ್ಕೆ ಓ.ಸಿ. ಚೀಟಿ ಬರೆಸಿದವರೇ! ಹತ್ತಿ ಬೆಳೆಯುವ ಈ ಸೀಮೆಯವರಿಗೆ ಇನ್ನೊಂದು ತಮಾಷೆ ಗೊತ್ತಿರಲಿ. ಓ.ಸಿ. ಎಂದರೆ ಓಪನ್-ಕ್ಲೋಜ್. ನ್ಯೂಯಾರ್ಕಿನ ಹತ್ತಿ ಪೇಟೆಯಲ್ಲಿ ಬೆಳಗ್ಗೆ ತೆರೆದ ದರ, ಸಂಜೆ ಮುಚ್ಚಿದ ದರ ಇವುಗಳ ಮೇಲೆ ಮುಂಬಯಿಯಲ್ಲಿ ಹಣ ಕಟ್ಟುತ್ತಿದ್ದರು. ಆ ದರ ಬರುವುದು ನಿಂತಾಗ 1962ರಲ್ಲಿ ವರ್ಲಿಯ ಕಲ್ಯಾಣಜಿ ಭಗತ್, 1964ರಲ್ಲಿ ರತನ್ ಖತ್ರಿ ತಮ್ಮದೇ ನಂಬರು ತೆಗೆಯಲು ಶುರು ಮಾಡಿದರು. ಗಡಿಗೆಯಿಂದ ಚೀಟಿ ಎತ್ತುತ್ತಿದ್ದರಿಂದ ಮಟಕಾ ಎಂದು ಹೆಸರಾಯಿತು. ನಮ್ಮ ಹತ್ತಿಗೆ ನ್ಯಾಯವಾದ ದರ ಸಿಗಲಿಲ್ಲ, ಹತ್ತಿ ದರದ ಜೂಜು ಮಾತ್ರ ಊರೂರಿಗೆ ಬಂತು. ಪೊಲೀಸ್ ಕಾಯ್ದೆಯ 78(3)ನೇ ಕಲಮಿನಡಿ ಇವತ್ತಿಗೂ ಕೇಸು ಬೀಳುತ್ತವೆ.

ಆದರೂ ಹಳೆಯ ಆಟಗಳಿಗೆ ಒಂದು ಕಟ್ಟು ಇತ್ತು. ನಾಗರ ಪಂಚಮಿಗೆ ಲಿಂಬೆಹಣ್ಣು ಒಗೆಯುವ ಪಂದ್ಯ ಕಟ್ಟುತ್ತಿದ್ದರು. ಇಂತಿಷ್ಟು ಒಗೆತದಲ್ಲಿ ಇಂಥ ಊರು ಮುಟ್ಟಿಸಬೇಕು ಎಂದು ಹಣದ ಪೈಪೋಟಿಯೂ ನಡೆಯುತ್ತಿತ್ತು. ಆದರೆ ಹೊತ್ತು ಮುಳುಗುತ್ತಿತ್ತು, ರಟ್ಟೆ ಸೋಲುತ್ತಿತ್ತು, ಹಬ್ಬ ಮುಗಿಯುತ್ತಿತ್ತು. ಪಗಡೆ ಆಡುವ ಕಟ್ಟೆಗೆ ನಾಲ್ಕು ಜನ ನೋಡುವವರು ಇರುತ್ತಿದ್ದರು, ಅವರಲ್ಲಿ ಒಬ್ಬರಾದರೂ "ಸಾಕು ಏಳೋ, ಎತ್ತಿಗೆ ನೀರು ಕುಡಿಸೋದೈತಿ" ಎನ್ನುವವರು. ಮೊಬೈಲಿನ ಆಟಕ್ಕೆ ಹೊತ್ತು ಮುಳುಗುವುದಿಲ್ಲ. ಒಂದು ಮುಗಿದ ತಕ್ಷಣ ಇನ್ನೊಂದು ಶುರು. ದಿನಾ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಗಳಿಸಿದ್ದು ಕಳೆಯುತ್ತದೆ ಎಂಬ ಹೆದರಿಕೆ. ಹೀಗೆ ಏಳದಂತೆ ಕೂರಿಸುವುದನ್ನೇ ಲೆಕ್ಕ ಹಾಕಿ ಕಟ್ಟಿದ ಆಟ ಅದು. ಹದಿನಾರರ ಹುಡುಗ ತಾನಾಗಿ ಏಳಲಿಲ್ಲ ಎಂದು ಬೈಯುವ ಮೊದಲು ಇದನ್ನು ನೆನೆಯಬೇಕು.

2019ರ ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯ ಹಳ್ಳಿಯೊಂದರಲ್ಲಿ, ಪಬ್ಜಿ ಆಡಬೇಡ ಎಂದ ತಂದೆಯನ್ನೇ ಮಗ ಕೊಂದನೆಂಬ ಪ್ರಕರಣ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆಗಿನಿಂದ ನಮ್ಮ ಕಡೆ ತಂದೆ ತಾಯಿಗಳಿಗೆ ಎರಡೇ ದಾರಿ ತೋಚಿದಂತಿದೆ: ಒಂದೋ ಮೊಬೈಲು ಕಸಿದು ಒಡೆಯುವುದು, ಇಲ್ಲವೋ ಹೆದರಿ ಸುಮ್ಮನಿರುವುದು. ಎರಡೂ ತಪ್ಪು. ಆ ಒಂದು ಘಟನೆ ಹಿಡಿದು ಆಡುವವರೆಲ್ಲ ಹಾಗೇ ಎಂದು ತಿಳಿಯುವುದು ಮೂರ್ಖತನ. ಬಹುಪಾಲು ಹುಡುಗರು ಆಡುತ್ತಾರೆ, ಬೇಸರವಾದಾಗ ಬಿಡುತ್ತಾರೆ.

ಹಾಗಾದರೆ ಚಟ ಎಂದು ಗುರುತಿಸುವುದು ಹೇಗೆ? ತಾಸು ಎಣಿಸಿದರೆ ಗೊತ್ತಾಗದು. ವಿಶ್ವ ಆರೋಗ್ಯ ಸಂಸ್ಥೆಯವರು ಆಟದ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದರು. 2019ರಲ್ಲಿ ಒಪ್ಪಿಗೆಯಾದ ಆ ಪಟ್ಟಿ 2022ರ ಜನವರಿ 1ರಿಂದ ಜಾರಿಗೆ ಬಂತು. ಅವರು ಕೇಳುವುದು ಮೂರು ಮಾತು. ಆಟ ಶುರು ಮಾಡುವುದು, ನಿಲ್ಲಿಸುವುದು ಕೈಲಿ ಉಳಿದಿದೆಯೋ ಇಲ್ಲವೋ. ಊಟ, ನಿದ್ದೆ, ಓದು, ದುಡಿಮೆ, ಗೆಳೆಯರು ಎಲ್ಲವೂ ಹಿಂದೆ ಸರಿದು ಆಟವೇ ಮುಂದೆ ಬಂದಿದೆಯೋ. ಹಾನಿ ಕಣ್ಣಿಗೆ ಕಂಡ ಮೇಲೂ ಮುಂದುವರಿದಿದೆಯೋ. ಸಾಮಾನ್ಯವಾಗಿ ಒಂದು ವರ್ಷ ಹೀಗೇ ನಡೆದಿದ್ದರೆ ಕಾಯಿಲೆ ಎನ್ನುತ್ತಾರೆ, ಬಹಳ ಜೋರಾಗಿದ್ದರೆ ಅಷ್ಟು ಕಾಯುವುದಿಲ್ಲ.

ಇದನ್ನು ನಮ್ಮ ಮನೆಯ ಭಾಷೆಗೆ ತಂದು ನೋಡಿ. ರವಿವಾರ ಮೂರು ತಾಸು ಆಡಿ, ಅವ್ವ ಕರೆದಾಗ ಗೊಣಗುತ್ತಲಾದರೂ ಎದ್ದು ರೊಟ್ಟಿ ತಿನ್ನಲು ಬರುವ ಹುಡುಗನ ಬಗ್ಗೆ ಚಿಂತೆ ಬೇಡ. ಒಂದೇ ತಾಸು ಆಡಿದರೂ, ಚಾದರದ ಒಳಗೆ ಕದ್ದು ಆಡಿ, ಕೇಳಿದರೆ ಸುಳ್ಳು ಹೇಳಿ, ಬೆಳಗ್ಗೆ ಕಣ್ಣು ಕೆಂಪಗಾಗಿ ಶಾಲೆ ತಪ್ಪಿಸಿ, ಕ್ರಿಕೆಟ್ ಆಡಲು ಕರೆಯುವ ಗೆಳೆಯರನ್ನೂ ಬಿಟ್ಟವನನ್ನು ಗಮನಿಸಬೇಕು. ಮೊಬೈಲು ಇಲ್ಲದ ದಿನ ಮೈಮೇಲೆ ಬಂದವರಂತೆ ಆಡುತ್ತಾನೋ ನೋಡಬೇಕು. ಇದು ಹುಡುಗರಿಗಷ್ಟೇ ಅಲ್ಲ, ನಲವತ್ತು ದಾಟಿದ ಯಜಮಾನರಿಗೂ ಅನ್ವಯ. ರಾತ್ರಿ ಅಂಗಡಿ ಕದ ಹಾಕಿದ ಮೇಲೆ ಒಳಗೆ ಕೂತು ರಮ್ಮಿ ಆಡಿದವರು ನಮ್ಮ ಪೇಟೆಯಲ್ಲಿ ಇಲ್ಲವೇ ಇಲ್ಲ ಎಂದು ಯಾರಾದರೂ ಎದೆ ಮುಟ್ಟಿ ಹೇಳಲಿ.

ಹಣ ಕೂಡಿದ ಮೇಲಂತೂ ಇದರ ಬಣ್ಣವೇ ಬೇರೆ. ನೂರು ಹೋಗುತ್ತದೆ, ಅದನ್ನು ತರಲು ಐನೂರು, ಐನೂರು ತರಲು ಕೈಸಾಲ. ಹೋದದ್ದನ್ನು ಬೆನ್ನತ್ತುವ ಈ ಗುಣವೇ ಚಟದ ಮೊದಲ ಗುರುತು, ಓ.ಸಿ. ಬರೆಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಕಾರರು ಒಂದು ಸೂಕ್ಷ್ಮ ಗಮನಿಸಬೇಕು. ಗಲ್ಲಾದ ಮೇಲಿನ ಡಬ್ಬಿ ಹಣ ಬಂದದ್ದನ್ನು ಕೂಗಿ ಹೇಳುತ್ತದೆ. ಅದೇ ಖಾತೆಯಿಂದ ಹೋದದ್ದನ್ನು ಕೂಗುವುದಿಲ್ಲ. ರಾತ್ರಿ ಕಿರ್ದಿ ಬರೆಯುವಾಗ ಬ್ಯಾಂಕ್ ಖಾತೆಯ ಪಟ್ಟಿಯನ್ನೂ ಒಮ್ಮೆ ನೋಡಿ. ಐವತ್ತು, ನೂರು, ಇನ್ನೂರು ಎಂದು ಗುರುತಿಲ್ಲದ ಹೆಸರುಗಳಿಗೆ ಮೇಲಿಂದ ಮೇಲೆ ಹಣ ಹೋಗಿದ್ದರೆ ಕೇಳಬೇಕಾದ ಪ್ರಶ್ನೆ ಇದೆ ಎಂದೇ ಅರ್ಥ. ಅಂಗಡಿ ಖಾತೆಯ ಪಿನ್ನು ಮಕ್ಕಳಿಗೆ ಹೇಳುವವರು ಗಲ್ಲಾದ ಕೀಲಿಯನ್ನು ಹೊರಗಿನ ಮೊಳೆಗೆ ತೂಗುಹಾಕಿದ ಹಾಗೆ.

ಸರ್ಕಾರ ಏನು ಮಾಡಿತು ಎನ್ನುತ್ತೀರಾ? ಬಹಳ ಮಾಡಿತು, ಬಹಳ ರದ್ದಾಯಿತು. 2020ರ ಸೆಪ್ಟೆಂಬರ್ 2ರಂದು ಪಬ್ಜಿ ನಿಷೇಧವಾಯಿತು. ಅದು ಹುಡುಗರ ಮೇಲಿನ ಕಾಳಜಿಗಲ್ಲ, ದೇಶದ ಭದ್ರತೆಯ ಕಾರಣಕ್ಕೆ. 2021ರಲ್ಲಿ ಹೆಸರು ಬದಲಿಸಿಕೊಂಡು ಮತ್ತೆ ಬಂತು. ಅದೇ ವರ್ಷ ನಮ್ಮ ರಾಜ್ಯ ಪೊಲೀಸ್ ಕಾಯ್ದೆ ತಿದ್ದಿ ಹಣದ ಆನ್‌ಲೈನ್ ಆಟ ನಿಲ್ಲಿಸಿತು, 2022ರ ಫೆಬ್ರುವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗವನ್ನೇ ತೆಗೆದುಹಾಕಿತು. 2025ರ ಆಗಸ್ಟಿನಲ್ಲಿ ಕೇಂದ್ರವೇ ಕಾನೂನು ತಂದಿತು. ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೂ ಶಿಕ್ಷೆ. ಈ ಆಟಗಳಿಂದ ದೇಶದ 45 ಕೋಟಿ ಜನರಿಗೆ ತೊಂದರೆ, 20,000 ಕೋಟಿ ರೂಪಾಯಿಗೂ ಮೀರಿ ನಷ್ಟ ಎಂಬುದು ಆಗ ಕೇಂದ್ರ ಸರ್ಕಾರವೇ ಕೊಟ್ಟ ಅಂದಾಜು. ದೊಡ್ಡ ಕಂಪನಿಗಳು ಕೂಡಲೇ ಹಣದ ಆಟ ನಿಲ್ಲಿಸಿದವು. ಕೆಲವರು ಕೋರ್ಟಿಗೂ ಹೋದರು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಅರ್ಜಿಗಳನ್ನು ತನ್ನ ಬಳಿಗೆ ತರಿಸಿಕೊಂಡಿತು.

ಅಂಗಡಿ ಮುಚ್ಚಿದರೇನು, ಹಸಿವು ಮುಚ್ಚೀತೇ? ಬಣ್ಣ ಹೇಳಿ ದುಪ್ಪಟ್ಟು ಪಡೆಯಿರಿ, ವಿಮಾನ ಹಾರಿಸಿ ಗೆಲ್ಲಿರಿ ಎಂಬ ಕಳ್ಳ ಆಟಗಳು ಟೆಲಿಗ್ರಾಂ, ವಾಟ್ಸಾಪ್ ದಾರಿಯಲ್ಲಿ ಬರುತ್ತಲೇ ಇವೆ. ಮೊದಲು ಸ್ವಲ್ಪ ಗೆಲ್ಲಿಸುತ್ತಾರೆ, ಆಮೇಲೆ ಹಣ ತೆಗೆಯಲು ಬಿಡುವುದಿಲ್ಲ. ಹಾಗೆ ಮೋಸ ಹೋದವರು 1930ಕ್ಕೆ ಆದಷ್ಟು ಬೇಗ ಫೋನ್ ಮಾಡಬೇಕು. ಹಣ ಮುಂದಿನ ಖಾತೆಗೆ ಹಾರುವ ಮೊದಲು ತಡೆಯಲು ಸಾಧ್ಯ. ಒಂದು ಮುಖ್ಯ ಮಾತು ಬಹಳ ಜನರಿಗೆ ಗೊತ್ತಿಲ್ಲ: 2025ರ ಕಾನೂನಿನಲ್ಲಿ ಶಿಕ್ಷೆ ಆಡಿಸುವವರಿಗೆ, ಆಡಿ ಕಳೆದುಕೊಂಡವರಿಗಲ್ಲ. ಪೊಲೀಸರು ಹಿಡಿಯುತ್ತಾರೆ ಎಂದು ಹೆದರಿ ಮನೆಯಲ್ಲಿ ಮುಚ್ಚಿಟ್ಟುಕೊಳ್ಳಬೇಡಿ.

ಮನೆಯಲ್ಲಿ ಮಾಡುವುದು ಬಹಳಿಲ್ಲ. ರಾತ್ರಿ ಎಲ್ಲರ ಮೊಬೈಲೂ ಪಡಸಾಲೆಯಲ್ಲಿ ಚಾರ್ಜಿಗೆ ಇರಲಿ, ಅಪ್ಪನದೂ ಸೇರಿ. ಅಪ್ಪ ಹಾಸಿಗೆಯಲ್ಲಿ ರೀಲ್ಸ್ ನೋಡುತ್ತ ಮಗನಿಗೆ ಉಪದೇಶ ಮಾಡಿದರೆ ಅದು ಯಾರ ಕಿವಿಗೂ ಬೀಳದು. ನಾಲ್ವರು ಕೂಡಿ ಆಡುವ ಆಟದ ನಡುವೆ ಕಸಿದುಕೊಂಡರೆ ಹುಡುಗ ಗೆಳೆಯರ ಮುಂದೆ ಸಣ್ಣವನಾಗುತ್ತಾನೆ, ಜಗಳ ಅಲ್ಲಿಂದಲೇ ಏಳುತ್ತದೆ. "ಈ ಒಂದು ಮುಗಿಸಿ ಏಳು" ಎಂದು ಮೊದಲೇ ಮಾತಾಗಿರಲಿ, ಅರ್ಧ ತಾಸಿನಲ್ಲಿ ಮುಗಿಯುವ ಆಟ ಅದು. ಸಾಲವಾಗಿದ್ದರೆ ಅವನ ಕೈಗೆ ಹಣ ಕೊಡದೆ ಸಾಲಗಾರನಿಗೇ ನೇರವಾಗಿ ಮುಟ್ಟಿಸಿ. ಬೀಗರಿಗೆ ಗೊತ್ತಾದೀತೆಂದು ಗುಟ್ಟಾಗಿ ಮೂರು ಮೂರು ಸಲ ಸಾಲ ತೀರಿಸಿದ ಮನೆಗಳಲ್ಲಿ ನಾಲ್ಕನೆಯ ಸಾಲವೂ ಆಗಿದೆ.

ಕೈಮೀರಿದರೆ ವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಒಂದು ಕ್ಲಿನಿಕ್ ಇದೆ. ನಮಗೆ ಹತ್ತಿರದ್ದು ಧಾರವಾಡದ ಡಿಮ್ಹಾನ್ಸ್. ಅದರ ಹೆಸರು ಹೇಳಿದರೆ "ಹುಚ್ಚರ ದವಾಖಾನಿಗೆ ಯಾಕ್ರಿ ಹೋಗೂದು" ಎಂದು ಮುಖ ತಿರುಗಿಸುವವರೇ ಹೆಚ್ಚು. ಅಂಥವರಿಗೆ ಫೋನ್ ಇದೆ. ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ 2022ರಲ್ಲಿ ಶುರುವಾಯಿತು, ನಂಬರು 14416. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಬಿಟ್ಟಿ, ಕನ್ನಡದಲ್ಲೇ ಮಾತಾಡುತ್ತಾರೆ. ಹಣ ಕಳೆದುಕೊಂಡವನು "ನಾನು ಇದ್ದೇನ್ ಮಾಡ್ಲಿ" ಎಂಬ ಮಾತು ಆಡಿದರೆ ಮಾತ್ರ ಬೆಳಗಿನ ತನಕ ಕಾಯಬೇಡಿ. ಅವನನ್ನು ಒಂಟಿಯಾಗಿ ಬಿಡದೆ ಆಗಲೇ ಫೋನ್ ಹಚ್ಚಿ.

ಗ್ರಾಮ ಪಂಚಾಯಿತಿಯವರಿಗೂ ಸಾರಿಗೆಯವರಿಗೂ ಒಂದು ವಿನಂತಿ. ನೇಸರಗಿ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಈ ಐದು ಅಂಕಿ ದೊಡ್ಡದಾಗಿ ಬರೆಸಿ. ಒಂದು ಡಬ್ಬಿ ಬಣ್ಣ, ಅರ್ಧ ದಿನದ ಕೂಲಿ. ಬಸ್ಸು ಕಾಯುವ ಹುಡುಗರು ಎಂದಾದರೂ ಒಮ್ಮೆ ತಲೆ ಎತ್ತುತ್ತಾರಲ್ಲ, ಆಗ ಕಣ್ಣಿಗೆ ಬೀಳಲಿ.